ಉಳುಕಲ್ಲ, ಒಳಗಿನ ಕಟ್ಟು ಹರಿದಿದೆ

ಕಾರ್ಕಳ ತಾಲ್ಲೂಕು ಹೆರ್ಮುಂಡೆಯ ಮಮತಾ ಪೂಜಾರಿಯವರ ಹೆಸರನ್ನು ನೀವು ಕೇಳಿರಬಹುದು. ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳೆಯರ ಕಬಡ್ಡಿ ಮೊದಲು ಸೇರಿದ್ದು 2010ರಲ್ಲಿ. ಆಗ ಚಿನ್ನ ಗೆದ್ದ ಭಾರತ ತಂಡದಲ್ಲಿ ಇವರಿದ್ದರು. 2012ರಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡಕ್ಕೆ ಇವರೇ ನಾಯಕಿ. 2014ರಲ್ಲಿ ಮತ್ತೆ ಏಷ್ಯನ್ ಚಿನ್ನ, ಅದೇ ವರ್ಷ ಅರ್ಜುನ ಪ್ರಶಸ್ತಿ. ಆಟದ ಬಲದಿಂದಲೇ ರೈಲ್ವೆಯಲ್ಲಿ ನೌಕರಿಯೂ ದೊರೆಯಿತು. ಈ ಪಟ್ಟಿ ಓದುವಾಗ ವೈದ್ಯನಾದ ನನಗೆ ಹೊಳೆಯುವುದೇ ಬೇರೆ. ಅಷ್ಟು ವರ್ಷ ಜಿಗಿದು, ತಿರುಗಿ, ಬಿದ್ದು ಎದ್ದ ಆ ಮೊಣಕಾಲುಗಳು ಎಷ್ಟು ಭಾರ ಹೊತ್ತಿರಬೇಡ!

ಕಳೆದ ಮಳೆಗಾಲದಲ್ಲಿ ಕಮಲಾಪುರದ ಕಡೆಯ ರೈತರೊಬ್ಬರು ಕಾಲೇಜು ಓದುವ ಮಗಳನ್ನು ಬಸ್ಸಿನಲ್ಲಿ ಕಲಬುರಗಿಯ ನನ್ನ ದವಾಖಾನೆಗೆ ಕರೆತಂದರು. ಹುಡುಗಿಗೆ ಮಮತಾ ಅವರಂತೆ ಆಡುವ ಹಂಬಲ. "ಕಬಡ್ಡಿ ಆಡೋ ಮುಂದ ಮೊಣಕಾಲು ಉಳಕ್ಯಾದ್ರಿ ಸಾಹೇಬ್ರ. ಮೂರು ಸಲ ಎಣ್ಣಿ ಹಚ್ಚಿ ತಿಕ್ಕಿಸೀವಿ, ಬಾವು ಇಳೀವಲ್ದು" ಎಂದರು ತಂದೆ.

ಆಕೆಯನ್ನು ಯಾರೂ ಹಿಡಿದೆಳೆದಿರಲಿಲ್ಲ. ಓಡುತ್ತಿದ್ದವಳು ಗಕ್ಕನೆ ತಿರುಗಿದಾಗ ಒಳಗೆ 'ಟಪ್' ಎಂದಿತಂತೆ. ಎರಡು ತಾಸಿನಲ್ಲಿ ಮೊಣಕಾಲು ಊದಿಕೊಂಡಿತ್ತು. ಹದಿನೈದು ದಿನವಾದರೂ ಮೆಟ್ಟಿಲಿಳಿಯುವಾಗ ಕಾಲು ಕೈಕೊಡುತ್ತಿತ್ತು. ಈ ಮೂರೂ ಕೂಡಿದರೆ ಉಳುಕೆಂದು ಸುಮ್ಮನಿರಬೇಡಿ. ತೊಡೆಯೆಲುಬನ್ನು ಕೆಳಗಿನ ಎಲುಬಿಗೆ ಬಿಗಿದಿಡುವ ಹಗ್ಗದಂಥ ಕಟ್ಟು, ಅಂದರೆ ಲಿಗಮೆಂಟ್, ಹರಿದಿರಬಹುದು. ಕೀಲಿನೊಳಗೆ ರಕ್ತ ತುಂಬುವುದರಿಂದಲೇ ಬಾವು ಅಷ್ಟು ಬೇಗ ಬರುತ್ತದೆ. ಎಕ್ಸ್‌-ರೇಯಲ್ಲಿ ಎಲುಬು ಕಾಣುತ್ತದೆ, ಈ ಕಟ್ಟು ಕಾಣುವುದಿಲ್ಲ. ಎಲುಬು ಮುರಿದಿಲ್ಲವೆಂದು ಸಮಾಧಾನಪಟ್ಟು ಮತ್ತೆ ಆಡಲಿಳಿದು, ಕೀಲಿನ ಮೆತ್ತೆಯನ್ನೂ ಹರಿದುಕೊಂಡವರನ್ನು ನೋಡಿದ್ದೇನೆ. ವೃತ್ತಿಯ ಆರಂಭದಲ್ಲಿ ಹಾಗೆ ಸಮಾಧಾನ ಹೇಳಿ ಕಳಿಸಿದವರಲ್ಲಿ ನಾನೂ ಒಬ್ಬ.

ಪೆಟ್ಟಾದ ಮೊದಲ ಎರಡು ಮೂರು ದಿನ ತಿಕ್ಕುವುದೂ ಬೇಡ, ಬಿಸಿ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲಿರಿಸಿ ವಿಶ್ರಾಂತಿ ಕೊಡಿ. ಆಮೇಲೆ ಎಲುಬು ತಜ್ಞರಿಗೆ ತೋರಿಸಿ.

ಜಿಗಿದು ತಿರುಗುವ ಆಟಗಳಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು ಮೂರು ಪಟ್ಟು ಹೆಚ್ಚು. ನೆಲಕ್ಕಿಳಿಯುವಾಗ ಮೊಣಕಾಲು ಒಳಕ್ಕೆ ವಾಲುವುದು ಒಂದು ಕಾರಣ. ಇದನ್ನು ಚೆನ್ನಾಗಿ ಅರಿತವರು ಹ್ಯಾಂಡ್‌ಬಾಲ್ ಆಡುವ ನಾಡುಗಳವರು. ಡೆನ್ಮಾರ್ಕಿನ ಮಹಿಳೆಯರು 1996, 2000, 2004ರಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದ ಆಟವದು. ಅವರ ನೆರೆಯ ನಾರ್ವೆಯಲ್ಲಿ 120 ಕ್ಲಬ್ಬುಗಳ, 15ರಿಂದ 17 ವಯಸ್ಸಿನ 1837 ಆಟಗಾರರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಅಭ್ಯಾಸಕ್ಕೆ ಮುನ್ನ 15-20 ನಿಮಿಷದ ವ್ಯಾಯಾಮ ಕಲಿಸಿದರು. ಅವರಲ್ಲಿ ಮೊಣಕಾಲು, ಪಾದದ ಕೀಲುಗಳ ಗಾಯ ಸುಮಾರು ಅರ್ಧಕ್ಕಿಳಿಯಿತು. ಇದು ಪ್ರಕಟವಾದದ್ದು 2005ರಲ್ಲಿ. ವ್ಯಾಯಾಮವೂ ದುಬಾರಿಯದಲ್ಲ. ನಿಧಾನವಾದ ಓಟ, ಒಂಟಿಗಾಲಿನಲ್ಲಿ ನಿಲ್ಲುವುದು, ತೊಡೆಗೆ ಬಲ ಬರುವಂತೆ ಕುಳಿತೇಳುವುದು, ಮೊಣಕಾಲನ್ನು ಬಗ್ಗಿಸಿ ಪಾದದ ನೇರಕ್ಕೇ ಇಟ್ಟು ಜಿಗಿದಿಳಿಯುವುದು. ನಮ್ಮ ಕಡೆ ಸೀಟಿ ಊದಿದ ಕೂಡಲೇ ಆಟ ಶುರು! ದೈಹಿಕ ಶಿಕ್ಷಕರು ಇದನ್ನು ಓದುತ್ತಿದ್ದರೆ ಕೋಪಿಸಿಕೊಳ್ಳಬಾರದು.

ಎಂ.ಆರ್.ಐ. ಮಾಡಿಸಿದಾಗ ಹುಡುಗಿಯ ಕಟ್ಟು ಪೂರ್ತಿ ಹರಿದಿತ್ತು. "ಆಟ ಸಾಕ್ರಿ, ಮದುವಿ ಮಾಡೂ ಹುಡುಗಿ" ಎಂದರು ತಂದೆ. ಆಕೆ ಗೋಡೆ ನೋಡುತ್ತ ಕುಳಿತಳು. ಎಲ್ಲರಿಗೂ ಆಪರೇಷನ್ ಬೇಕಿಲ್ಲ, ಮತ್ತೆ ಇಂಥ ಆಟ ಆಡುವವರಿಗೆ ಸಾಮಾನ್ಯವಾಗಿ ಬೇಕಾಗುತ್ತದೆ ಎಂದು ವಿವರಿಸಿ, "ಆಕೀನ್ನೂ ಒಂದು ಮಾತು ಕೇಳ್ರಿ" ಎಂದೆ.

ಆಪರೇಷನ್ ಆಗಿ ಈಗ ಆರು ತಿಂಗಳು. ಕನಿಷ್ಠ ಒಂಬತ್ತು ತಿಂಗಳು ಕಳೆದು, ಎರಡೂ ಕಾಲಿನ ಬಲ ಸಮನಾಗುವವರೆಗೆ ಅಂಗಳಕ್ಕಿಳಿಯುವಂತಿಲ್ಲ. ಹೋದ ವಾರ ಇಬ್ಬರೂ ಬಂದಿದ್ದರು. "ಇನ್ನಾ ಎಷ್ಟ ದಿನ ಆಗ್ತದ್ರಿ ಆಡ್ಲಿಕ್ಕ?" ಎಂದು ಕೇಳಿದ್ದು ಹುಡುಗಿಯಲ್ಲ, ತಂದೆ. ಮೂರು ತಿಂಗಳು ತಡೀರಿ ಎಂದೆ.