ಪೆಟ್ಟು ಯಾವ ರಿಂಗಿಗೆ?

ಭೀಮರಾಯನಗುಡಿ ಎಂದರೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು, ಕೃಷಿ ಕಾಲೇಜು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರದ ಎರೆ ಹೊಲಗಳಿಗೆ ಭತ್ತ ಬಂತು. ಅದರ ಬೆನ್ನಿಗೇ ಕೇಜ್ ವೀಲ್ ಕಟ್ಟಿಕೊಂಡು ಕೆಸರು ಕಲಸುವ ಟ್ರ್ಯಾಕ್ಟರೂ ಬಂತು. ಕೆಸರಲ್ಲಿ ತಾಸುಗಟ್ಟಲೆ ದುಡಿಯುವ ಗಾಡಿಯ ಆಯಿಲ್ ಸೀಲ್ ಸವೆದರೆ ನೀರು ಒಳಗಿಳಿಯುತ್ತದೆ. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ಕುರುಹು. ಬೇರಿಂಗಿನ ರೇಸ್, ಅಂದರೆ ಗುಂಡು ಉರುಳುವ ದಾರಿಯ ಮೇಲೆ ಮೊದಲು ತುಕ್ಕಿನ ಚುಕ್ಕೆ, ಆಮೇಲೆ ಕುಳಿ, ಕೊನೆಗೆ ಗರಗರ ಸದ್ದು.

ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಬಿಚ್ಚಿ ಬೇರಿಂಗ್ ಬದಲಿಸುತ್ತಾರೆ. ಕೆಲವೊಮ್ಮೆ ರೈತ ಮತ್ತೆ ಬರುತ್ತಾನೆ: ‘ಹೊಸಾದು ಹಾಕೀರಿ, ಮತ್ತ ಗರ್ ಅಂತದಲ್ರಿ!’ ಬೈಗುಳ ಬೇರಿಂಗ್ ಕಂಪನಿಗೆ ಬೀಳುತ್ತದೆ. ನಾನಾದರೆ ಮೊದಲು ಸುತ್ತಿಗೆಯನ್ನು ಅನುಮಾನಿಸುತ್ತೇನೆ.

ಬಾಲ್ ಬೇರಿಂಗಿಗೆ ಒಳಗೊಂದು, ಹೊರಗೊಂದು ರಿಂಗ್. ಗೇರ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಶಾಫ್ಟ್ ತಿರುಗುತ್ತದೆ, ಹೌಸಿಂಗ್ ಅಲ್ಲೇ ಇರುತ್ತದೆ. ಆದ್ದರಿಂದ ಒಳ ರಿಂಗ್ ಶಾಫ್ಟಿಗೆ ಬಿಗಿಯಾಗಿ ಕೂರಬೇಕು. ಸಡಿಲಾದರೆ ಭಾರ ಬಿದ್ದಾಗ ಅದು ಶಾಫ್ಟಿನ ಮೇಲೆ ಜಾರುತ್ತ ಶಾಫ್ಟನ್ನೇ ತಿನ್ನುತ್ತದೆ. ಹೊರ ರಿಂಗ್ ಅಷ್ಟು ಬಿಗಿ ಬೇಕಿಲ್ಲ. ಶಾಫ್ಟಿಗೆ ಏರಿಸುವಾಗ ಒಳ ರಿಂಗಿನಷ್ಟೇ ಅಗಲದ ಪೈಪಿನ ತುಂಡು ಇಟ್ಟು ಅದರ ಮೇಲೆ ಒತ್ತಬೇಕು. ಪ್ರೆಸ್ ಇದ್ದರೆ ಇನ್ನೂ ಒಳ್ಳೆಯದು. ಉಳಿ ಇಟ್ಟು ಹೊರ ರಿಂಗಿಗೆ ಬಡಿದರೆ ಪೆಟ್ಟೆಲ್ಲ ಗುಂಡುಗಳ ಮೂಲಕ ದಾಟಬೇಕು. ಗುಂಡು ರೇಸನ್ನು ತಾಕುವ ಜಾಗವೋ ತೀರ ಸಣ್ಣದು. ಗಟ್ಟಿ ಉಕ್ಕಾದರೂ ಅಲ್ಲಿ ತಗ್ಗು ಬೀಳುತ್ತದೆ, ಗುಂಡುಗಳಿದ್ದ ಅಂತರಕ್ಕೆ ಸರಿಯಾಗಿ. ಕೈಯಲ್ಲಿ ತಿರುಗಿಸಿದರೆ ಗೊತ್ತೂ ಆಗದಿರಬಹುದು; ಭಾರ ಎಳೆದಾಗ ಗೊತ್ತಾಗುತ್ತದೆ.

ಬಡಿಯದೆಯೇ ಕೂರಿಸುವ ದಾರಿ ಬಿಸಿ. ಬೇರಿಂಗಿನ ಮೇಲೆ 6208 ಎಂದಿದ್ದರೆ ಕೊನೆಯ 08 ಅನ್ನು 5ರಿಂದ ಗುಣಿಸಿ: ಒಳ ವ್ಯಾಸ 40 ಮಿ.ಮೀ. ಅದನ್ನು 70 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ವ್ಯಾಸ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಇಷ್ಟೇ ಸಾಕು, ಕೈಯಿಂದ ಜಾರಿಸಿದರೆ ಶಾಫ್ಟಿನ ಭುಜಕ್ಕೆ ತಾಗಿ ಕೂರುತ್ತದೆ. ತಣಿಯುವವರೆಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ತುಸು ಹಿಂದೆ ಸರಿದು ಸಂದು ಉಳಿಯುತ್ತದೆ. ಶುದ್ಧ ಎಣ್ಣೆಯಲ್ಲಿ ಬಿಸಿ ಮಾಡುವುದಾದರೆ ತಂತಿಗೆ ತೂಗುಬಿಡಬೇಕು; ಡಬ್ಬಿಯ ತಳಕ್ಕೆ ತಾಗಿದ ಕಡೆ ಕಾವು ಮಿತಿಮೀರುತ್ತದೆ, ತಳದ ಕಸವೂ ಮೆತ್ತುತ್ತದೆ. 120 ಡಿಗ್ರಿ ದಾಟಬಾರದು. ಗ್ಯಾಸ್ ಕಟರಿನ ಉರಿಯಂತೂ ಬೇಡವೇ ಬೇಡ, ಉಕ್ಕು ನೀಲಿಗೆ ತಿರುಗಿದರೆ ಅದರ ಗಡಸುತನ ಹೋಯಿತು. ಎರಡೂ ಕಡೆ ಮುಚ್ಚಿ ಗ್ರೀಸ್ ತುಂಬಿ ಬರುವ ಬೇರಿಂಗನ್ನು ಎಣ್ಣೆಗೆ ಇಳಿಸಲೇಬಾರದು.

ಟೇಪರ್ ರೋಲರ್ ಬೇರಿಂಗಿನದು ಬೇರೆ ತಕರಾರು. ಅದರ ಕಪ್ (ಹೊರ ರಿಂಗ್), ಕೋನ್ (ಒಳ ರಿಂಗ್) ಎರಡೂ ಬಿಡಿಬಿಡಿ. ನಡುವಿನ ಬಿಗಿಯನ್ನು ಶಿಮ್ ಎಂಬ ತೆಳು ತಗಡು ಹಾಕಿ ಹೊಂದಿಸಬೇಕು. ಹೆಚ್ಚು ಬಿಗಿಯಾದರೆ ಕಾದು ಸುಡುತ್ತದೆ, ಸಡಿಲಾದರೆ ಶಾಫ್ಟ್ ಅಲುಗಿ ಗೇರಿನ ಹಲ್ಲು ಸರಿಯಾಗಿ ಕೂಡುವುದಿಲ್ಲ. ಬಿಚ್ಚಿದಾಗ ಇದ್ದ ಶಿಮ್‌ಗಳನ್ನೇ ಎಣಿಸಿ ಮತ್ತೆ ಹಾಕುವ ರೂಢಿ ಇದೆ. ಶುರುವಿಗೆ ಅದು ಸರಿ. ಆದರೆ ಹೊಸ ಬೇರಿಂಗಿನ ಅಳತೆ ಹಳೆಯದಕ್ಕೆ ಚೂರೂ ತಪ್ಪದೆ ಹೊಂದುವುದಿಲ್ಲ. ಡಯಲ್ ಗೇಜ್ ಹಚ್ಚಿ ನೋಡಿ, ಆ ಗಾಡಿಯ ಮ್ಯಾನ್ಯುಯಲ್ ಹೇಳುವ ಅಳತೆ ಬರುವವರೆಗೆ ಶಿಮ್ ಸೇರಿಸಬೇಕು, ಇಲ್ಲವೇ ತೆಗೆಯಬೇಕು.