ಡಿಸ್ಕ್ ಇಮೇಜ್ ಉಪಕರಣಕ್ಕೆ ಹೊಸ ಕಮಾಂಡ್ ಸೇರುವ ಬಗೆ

ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನ ಒಳಗೆ ಓಡುವ ಇನ್ನೊಂದು ಕಂಪ್ಯೂಟರು. ಅದಕ್ಕೂ ಒಂದು ಹಾರ್ಡ್ ಡಿಸ್ಕ್ ಬೇಕಲ್ಲ? ಒಳಗಿನ ಕಂಪ್ಯೂಟರು ತನ್ನ ಡಿಸ್ಕ್ ಎಂದು ನಂಬಿ ಬರೆಯುವುದೆಲ್ಲ ಹೊರಗಿನ ಕಂಪ್ಯೂಟರಿನಲ್ಲಿ ಒಂದು ಫೈಲಿನೊಳಗೆ ಹೋಗಿ ಬೀಳುತ್ತದೆ. ಆ ಫೈಲೇ ಡಿಸ್ಕ್ ಇಮೇಜ್. ಅದನ್ನು ಹೊಸದಾಗಿ ಮಾಡಲು, ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಲು, ಹಿಗ್ಗಿಸಲು, ಕೆಟ್ಟಿದೆಯೇ ಎಂದು ನೋಡಲು ತುಂಬ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಕ್ಯೂಎಮು-ಇಮೇಜ್. ಫ್ರಾನ್ಸಿನ ಫಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ ಕ್ಯೂಎಮು ಎಮ್ಯುಲೇಟರಿನ ಬಳಗಕ್ಕೆ ಸೇರಿದ್ದು ಇದು. ಇದಕ್ಕೆ ಕಿಟಕಿಯಿಲ್ಲ, ಒತ್ತುವ ಗುಂಡಿಯಿಲ್ಲ. ಟರ್ಮಿನಲ್‌ನಲ್ಲಿ ಹೆಸರು ಬರೆದು, ಮುಂದೆ ಕ್ರಿಯೇಟ್, ಕನ್ವರ್ಟ್, ಇನ್ಫೋ, ಚೆಕ್, ರಿಸೈಜ್ ಎಂದು ಒಂದು ಉಪಕಮಾಂಡ್ ಕೊಟ್ಟರೆ ಆ ಕೆಲಸ ಮಾಡಿ ಮುಗಿಸುತ್ತದೆ.

ಟೈಪ್ ಮಾಡುವವರು ಮನುಷ್ಯರೇ ಆಗಿರಬೇಕೆಂದೇನಿಲ್ಲ. ಓಪನ್‌ಸ್ಟ್ಯಾಕ್, ಓವರ್ಟ್, ಲಿಬ್ವರ್ಟ್‌ನಂಥ ನಿರ್ವಹಣಾ ತಂತ್ರಾಂಶಗಳು ಇದೇ ಕಮಾಂಡನ್ನು ತಾವೇ ಓಡಿಸಿ, ಅದು ಮುದ್ರಿಸಿದ್ದನ್ನು ಓದಿ, ಮುಂದಿನ ಹೆಜ್ಜೆ ನಿರ್ಧರಿಸುತ್ತವೆ. ಈ ಅಧ್ಯಾಯದುದ್ದಕ್ಕೂ ಈ ಮಾತು ನೆನಪಿನಲ್ಲಿರಲಿ. ಮನುಷ್ಯನಾದರೆ ಪದ ಬದಲಾದರೂ ಅರ್ಥ ಮಾಡಿಕೊಳ್ಳುತ್ತಾನೆ. ಸ್ಕ್ರಿಪ್ಟಿಗೆ ಆ ಶಕ್ತಿಯಿಲ್ಲ. ಒಂದು ಆಯ್ಕೆಯನ್ನು ಒಮ್ಮೆ ಸೇರಿಸಿದ ಮೇಲೆ ಅದು ಯಾವ ಊರಿನ ಯಾವ ಸರ್ವರಿನಲ್ಲಿ ನಡುರಾತ್ರಿ ಓಡುತ್ತಿದೆಯೋ ಸೇರಿಸಿದವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಕೋಡ್ ಬರೆಯುವ ಶ್ರಮಕ್ಕಿಂತ, ಏನನ್ನು ಸೇರಿಸಬೇಕು, ಯಾವ ರೂಪದಲ್ಲಿ ಸೇರಿಸಬೇಕು ಎಂದು ಯೋಚಿಸುವ ಶ್ರಮವೇ ಇಲ್ಲಿ ದೊಡ್ಡದು.

2017ರ ಆಗಸ್ಟಿನಲ್ಲಿ ಬಂದ 2.10ನೇ ಆವೃತ್ತಿಯಲ್ಲಿ ‘ಮೆಷರ್’ ಎಂಬ ಹೊಸ ಉಪಕಮಾಂಡ್ ಸೇರಿತು. ಅದು ಯಾಕೆ ಬೇಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಡಿಸ್ಕ್ ಇಮೇಜುಗಳಲ್ಲಿ ‘ರಾ’ ಎಂಬ ಬಗೆ ತೀರಾ ಸರಳ: ಒಳಗಿನ ಡಿಸ್ಕಿನ ಮೊದಲ ಬೈಟ್ ಫೈಲಿನ ಮೊದಲ ಬೈಟ್, ಕೊನೆಯದು ಕೊನೆಯದು. ಕ್ಯೂಕೌ2 ಎಂಬ ಬಗೆ ಜಾಣತನದ್ದು. ಅದು ಡಿಸ್ಕನ್ನು ಸಾಮಾನ್ಯವಾಗಿ 64 ಕಿಲೋಬೈಟಿನ ಕ್ಲಸ್ಟರುಗಳಾಗಿ ಒಡೆದು, ಯಾವ ಕ್ಲಸ್ಟರಿಗೆ ನಿಜವಾಗಿ ಬರೆಯುತ್ತಾರೋ ಅದಕ್ಕೆ ಮಾತ್ರ ಜಾಗ ಕೊಡುತ್ತದೆ. 100 ಗಿಗಾಬೈಟಿನ ಡಿಸ್ಕ್ ಎಂದು ಹೇಳಿಕೊಳ್ಳುವ ಫೈಲು ಹುಟ್ಟಿದಾಗ ಕೆಲವು ನೂರು ಕಿಲೋಬೈಟ್ ಅಷ್ಟೇ ಇರುತ್ತದೆ. ಯಾವ ಕ್ಲಸ್ಟರ್ ಫೈಲಿನಲ್ಲಿ ಎಲ್ಲಿದೆ ಎಂದು ಹೇಳಲು ಎರಡು ಹಂತದ ಕೋಷ್ಟಕಗಳಿವೆ. ಯಾವ ಜಾಗ ಬಳಕೆಯಲ್ಲಿದೆ ಎಂದು ಲೆಕ್ಕ ಇಡಲು ಬೇರೆ ಕೋಷ್ಟಕಗಳಿವೆ.

ಫೈಲಾದರೆ ಬರೆದಂತೆಲ್ಲ ಬೆಳೆಯುತ್ತದೆ, ಚಿಂತೆಯಿಲ್ಲ. ಆದರೆ ಡೇಟಾ ಸೆಂಟರುಗಳಲ್ಲಿ ಇಮೇಜನ್ನು ಫೈಲಾಗಿ ಇಡದೆ ಲಾಜಿಕಲ್ ವಾಲ್ಯೂಮ್ ಎಂಬ ಡಿಸ್ಕ್ ತುಂಡಿನ ಮೇಲೆ ನೇರವಾಗಿ ಬರೆಯುವ ರೂಢಿಯೂ ಇದೆ. ವಾಲ್ಯೂಮ್ ತಾನಾಗಿ ಬೆಳೆಯುವುದಿಲ್ಲ. ಅಕ್ಕಿ ಸುರಿಯುವ ಮುಂಚೆಯೇ ಡಬ್ಬಿ ಎಷ್ಟು ದೊಡ್ಡದಿರಬೇಕು ಎಂದು ಗೊತ್ತಿರಬೇಕಾದ ಪರಿಸ್ಥಿತಿ ಅದು. ಕಡಿಮೆ ಇಟ್ಟರೆ ಕನ್ವರ್ಟ್ ಕೆಲಸ ನಡುವೆಯೇ ಜಾಗವಿಲ್ಲವೆಂದು ನಿಲ್ಲುತ್ತದೆ. ಅಂದಾಜಿನ ಮೇಲೆ ಧಾರಾಳವಾಗಿ ಇಟ್ಟರೆ ಸಾವಿರಾರು ಇಮೇಜುಗಳಿರುವ ಕಡೆ ದುಬಾರಿ ಜಾಗ ವ್ಯರ್ಥ.

ಲೆಕ್ಕವನ್ನು ಕೈಯಲ್ಲೇ ಮಾಡಬಹುದು. ಒಳಗಿನ ಡಿಸ್ಕು ಸರಿಯಾಗಿ 1 ಗಿಗಾಬೈಟ್, ಅಂದರೆ 1,07,37,41,824 ಬೈಟ್ ಎಂದಿಟ್ಟುಕೊಳ್ಳಿ. ಎರಡನೇ ಹಂತದ ಒಂದು ಕೋಷ್ಟಕ ಒಂದು ಕ್ಲಸ್ಟರಿನಷ್ಟಿದ್ದು, ಒಂದೊಂದು ನಮೂದು 8 ಬೈಟಿನದು. ಹಾಗಾಗಿ ಒಂದು ಕೋಷ್ಟಕದಲ್ಲಿ 8,192 ನಮೂದು. ಒಂದು ನಮೂದು 64 ಕಿಲೋಬೈಟನ್ನು ತೋರಿಸುವುದರಿಂದ ಒಂದು ಕೋಷ್ಟಕ 512 ಮೆಗಾಬೈಟಿಗೆ ಸಾಕು. ನಮ್ಮ ಡಿಸ್ಕಿಗೆ ಅಂಥವು ಎರಡು ಬೇಕು. ಅದರ ಮೇಲೆ ಮೊದಲ ಹಂತದ ಕೋಷ್ಟಕಕ್ಕೆ ಒಂದು ಕ್ಲಸ್ಟರ್, ಫೈಲಿನ ತಲೆಬರಹಕ್ಕೆ ಒಂದು, ಬಳಕೆಯ ಲೆಕ್ಕಕ್ಕೆ ಎರಡು. ಒಟ್ಟು ಆರು ಕ್ಲಸ್ಟರ್, 3,93,216 ಬೈಟ್. ಡಿಸ್ಕು ಪೂರ್ತಿ ತುಂಬಿದರೆ ಬೇಕಾಗುವುದು 1,07,41,35,040 ಬೈಟ್. ಖಾಲಿಯಿದ್ದರೆ ಬರೀ ಆ 3,93,216.

ಇದನ್ನೇ ಮೆಷರ್ ಎರಡು ಸಾಲಿನಲ್ಲಿ ಮುದ್ರಿಸುತ್ತದೆ: ಈಗಿನ ಮಾಹಿತಿಗೆ ಬೇಕಾದ ಗಾತ್ರ ಒಂದು, ಪೂರ್ತಿ ತುಂಬಿದರೆ ಬೇಕಾಗುವ ಗಾತ್ರ ಇನ್ನೊಂದು. ಹೇಳಿದ ಜಾಗದಲ್ಲಿ ಇಮೇಜ್ ಹಿಡಿದೇ ಹಿಡಿಯುತ್ತದೆ ಎಂದು ಅದರ ಕೈಪಿಡಿ ಖಾತರಿ ಕೊಡುತ್ತದೆ. ಆ ಖಾತರಿಗಾಗಿಯೇ ಈ ಲೆಕ್ಕ ಹೊರಗಿನ ಸ್ಕ್ರಿಪ್ಟುಗಳಲ್ಲಿ ಇರದೆ ಉಪಕರಣದ ಒಳಗೆ ಬರಬೇಕಿತ್ತು ಎಂದು ನನಗನಿಸುತ್ತದೆ. ಕ್ಲಸ್ಟರಿನ ಗಾತ್ರ ಬದಲಿಸಿದರೆ ಎಲ್ಲ ಅಂಕಿಗಳೂ ಬದಲಾಗುತ್ತವೆ. ಅದನ್ನು ತಪ್ಪಿಲ್ಲದೆ ಬಲ್ಲದ್ದು ಆ ಇಮೇಜನ್ನು ಬರೆಯುವ ಕೋಡು ಮಾತ್ರ. ಕ್ಯೂಎಮುವಿನಲ್ಲಿ ಒಂದೊಂದು ಬಗೆಯ ಇಮೇಜಿಗೂ ಒಂದು ಡ್ರೈವರ್ ಇದೆ. ಲೆಕ್ಕದ ಫಂಕ್ಷನ್ ಆಯಾ ಡ್ರೈವರಿನೊಳಗೆ ಕೂತಿದೆ. ಮೆಷರ್ ಕಮಾಂಡು ಅದನ್ನು ಕರೆದು ಉತ್ತರವನ್ನು ಮುದ್ರಿಸುತ್ತದೆ, ಅಷ್ಟೇ.

ಮುದ್ರಿಸುವುದರಲ್ಲೂ ಎರಡು ದಾರಿ. ಏನೂ ಹೇಳದಿದ್ದರೆ ಮನುಷ್ಯರು ಓದುವ ಸಾಲುಗಳು, ‘--ಔಟ್‌ಪುಟ್=ಜೇಸನ್’ ಎಂದರೆ ಪ್ರೋಗ್ರಾಮುಗಳು ಓದುವ ಜೇಸನ್. ಸ್ಕ್ರಿಪ್ಟು ಬರೆಯುವವರು ಎರಡನೆಯದನ್ನೇ ಬಳಸಬೇಕು.

ಮುದ್ರಣವಲ್ಲದೆ ಕಮಾಂಡು ಮುಗಿದಾಗ ಕೊಡುವ ನಿರ್ಗಮನ ಸಂಖ್ಯೆಯೂ ಇದೆ. ಇದನ್ನು ಹೊಸಬರು ಮರೆಯುವುದೇ ಹೆಚ್ಚು. ಚೆಕ್ ಉಪಕಮಾಂಡಿನಲ್ಲಿ 0 ಎಂದರೆ ಇಮೇಜ್ ಸರಿಯಿದೆ, 2 ಎಂದರೆ ಕೆಟ್ಟಿದೆ, 3 ಎಂದರೆ ಕೆಲವು ಕ್ಲಸ್ಟರುಗಳು ಯಾರ ಲೆಕ್ಕಕ್ಕೂ ಸೇರದೆ ಜಾಗ ತಿನ್ನುತ್ತಿವೆ, ಆದರೆ ಮಾಹಿತಿ ಕೆಟ್ಟಿಲ್ಲ. ಆ ಬಗೆಯ ಇಮೇಜಿಗೆ ಪರೀಕ್ಷೆಯೇ ಇಲ್ಲದಿದ್ದರೆ 63. ಕಂಪೇರ್ ಉಪಕಮಾಂಡಿನಲ್ಲಿ 1 ಎಂದರೆ ಎರಡು ಇಮೇಜುಗಳು ಬೇರೆಬೇರೆ. ದೋಷಗಳಿಗೆ ಅದಕ್ಕಿಂತ ದೊಡ್ಡ ಸಂಖ್ಯೆಗಳು. ‘ಬೇರೆ’ ಎಂಬ ಉತ್ತರವೂ ‘ಫೈಲು ತೆರೆಯಲಾಗಲಿಲ್ಲ’ ಎಂಬ ತೊಂದರೆಯೂ ಒಂದೇ ಸಂಖ್ಯೆ ಕೊಟ್ಟಿದ್ದರೆ, ಬ್ಯಾಕಪ್ ಸರಿಯಿದೆಯೇ ಎಂದು ನೋಡುವ ಸ್ಕ್ರಿಪ್ಟು ಏನು ಮಾಡಬೇಕು?

ಇನ್ನೊಂದು ಉದಾಹರಣೆ ಇಡೀ ಉಪಕಮಾಂಡಲ್ಲ, ಒಂದೇ ಆಯ್ಕೆ. ರಿಸೈಜ್ ಉಪಕಮಾಂಡಿಗೆ ಡಿಸ್ಕನ್ನು ಹಿಗ್ಗಿಸಲೂ ಕುಗ್ಗಿಸಲೂ ಬರುತ್ತದೆ. ಕುಗ್ಗಿಸಿದಾಗ ಹೊಸ ಗಡಿಯಾಚೆಗಿನ ಮಾಹಿತಿ ಹೋದಂತೆಯೇ. 20ರ ಬದಲು ಕೈತಪ್ಪಿ 2 ಎಂದು ಒತ್ತಿದರೆ ಸಾಕು. ಹಾಗಾಗಿ 2017ರ ಕೊನೆಯಲ್ಲಿ ಬಂದ 2.11ರಲ್ಲಿ ‘--ಶ್ರಿಂಕ್’ ಎಂಬ ಆಯ್ಕೆ ಬಂತು. ಗಡಿಯಾಚೆಗಿನದು ಅಳಿಯುತ್ತದೆಂದು ಬಲ್ಲೆ, ಆದರೂ ಮಾಡು ಎಂದು ಬಳಸುವವರು ಬಾಯಿಬಿಟ್ಟು ಹೇಳುವ ಮಾತು ಅದು.

ಅದನ್ನು ಜಾರಿಗೆ ತಂದ ಕ್ರಮ ನನಗೆ ತುಂಬ ಹಿಡಿಸಿದ್ದು. ಕ್ಯೂಕೌ2 ಇಮೇಜನ್ನು ಕುಗ್ಗಿಸುವ ಸೌಲಭ್ಯ ಬಂದದ್ದೇ ಅದೇ ಆವೃತ್ತಿಯಲ್ಲಿ. ಅದನ್ನು ನಂಬಿಕೊಂಡ ಹಳೆಯ ಸ್ಕ್ರಿಪ್ಟು ಎಲ್ಲೂ ಇರಲಾರದು. ಆದ್ದರಿಂದ ಅಲ್ಲಿ ಮೊದಲ ದಿನದಿಂದಲೇ ಆಯ್ಕೆ ಕಡ್ಡಾಯ. ರಾ ಇಮೇಜನ್ನು ಕುಗ್ಗಿಸುವುದು ಮಾತ್ರ ಹಿಂದಿನಿಂದ ನಡೆದುಬಂದದ್ದು. ಅಲ್ಲಿ ತಡೆಯದೆ, ಮುಂದೆ ಇದು ನಿಲ್ಲಬಹುದು ಎಂಬ ಎಚ್ಚರಿಕೆಯನ್ನಷ್ಟೇ ಮುದ್ರಿಸಿದರು. ಸಾಕಷ್ಟು ಸಮಯ ಕೊಟ್ಟ ಮೇಲೆಯೇ ಎಲ್ಲ ಬಗೆಗೂ ಕಡ್ಡಾಯ ಮಾಡಿದ್ದು.

ಆಧಾರ ಇಮೇಜಿನ ಬಗೆಯನ್ನು ಹೇಳುವ ಆಯ್ಕೆಗೂ ಇದೇ ಹಾದಿ. ಒಂದು ಇಮೇಜಿನ ಮೇಲೆ ಇನ್ನೊಂದನ್ನು ಕಟ್ಟುವಾಗ ಕೆಳಗಿನದು ಯಾವ ಬಗೆಯದೆಂದು ಮೊದಲು ಉಪಕರಣವೇ ಊಹಿಸುತ್ತಿತ್ತು. ಕ್ಯೂಕೌ2 ಫೈಲಿನ ಆರಂಭದಲ್ಲಿ ಕ್ಯೂ, ಎಫ್, ಐ ಎಂಬ ಮೂರು ಇಂಗ್ಲಿಷ್ ಅಕ್ಷರಗಳೂ 251 ಬೆಲೆಯ ಒಂದು ಬೈಟೂ ಇರುತ್ತವೆ. ರಾ ಡಿಸ್ಕಿನ ಒಳಗೆ ಓಡುವ ದುರುದ್ದೇಶದ ಪ್ರೋಗ್ರಾಮು ತನ್ನ ಡಿಸ್ಕಿನ ಮೊದಲಿಗೆ ಇದೇ ನಾಲ್ಕು ಬೈಟ್ ಬರೆದು, ಮುಂದೆ ಹೊರಗಿನ ಕಂಪ್ಯೂಟರಿನ ಗುಟ್ಟಿನ ಫೈಲಿನ ಹೆಸರನ್ನು ಆಧಾರವಾಗಿ ನಮೂದಿಸಬಹುದು. ಊಹಿಸುವ ಉಪಕರಣ ಅದನ್ನು ನಂಬಿ ಆ ಫೈಲನ್ನೇ ಒಳಗಿನವರಿಗೆ ತೆರೆದಿಟ್ಟುಬಿಡುತ್ತದೆ. 2020ರ 5.1ರಲ್ಲಿ ಎಚ್ಚರಿಕೆ, 2021ರ 6.1ರಿಂದ ಬಗೆಯನ್ನು ಹೇಳುವುದು ಕಡ್ಡಾಯ.

ಇನ್ನು ಕೋಡಿನ ಕೆಲಸ. ಸಿ ಭಾಷೆಯ ಒಂದು ದೊಡ್ಡ ಫೈಲಿನಲ್ಲಿ ಉಪಕಮಾಂಡುಗಳೆಲ್ಲ ಸೇರಿವೆ, ಒಂದೊಂದಕ್ಕೂ ಒಂದು ಫಂಕ್ಷನ್. ಆಯ್ಕೆಗಳನ್ನು ಓದಲು ಯೂನಿಕ್ಸ್ ಲೋಕದ ಹಳೆಯ ಗೆಟ್‌ಆಪ್ಟ್-ಲಾಂಗ್ ಇದೆ. ‘-ಎಫ್’ನಂಥ ಒಂದಕ್ಷರದ ಆಯ್ಕೆಗೆ ಆ ಅಕ್ಷರದ ಸಂಖ್ಯೆಯೇ ಗುರುತು. ‘--ಶ್ರಿಂಕ್’ನಂಥ ಉದ್ದ ಹೆಸರು ಮಾತ್ರ ಇರುವ ಆಯ್ಕೆಗಳಿಗೆ 256ರಿಂದ ಮೇಲಿನ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಒಂದು ಬೈಟಿನಲ್ಲಿ ಹಿಡಿಯುವುದು 255ರವರೆಗೆ ತಾನೇ? ಹಾಗಾಗಿ ಯಾವ ಅಕ್ಷರದ ಜೊತೆಗೂ ಅವು ಗೊಂದಲವಾಗುವುದಿಲ್ಲ.

ಕೋಡಿನ ಜೊತೆ ಕೈಪಿಡಿಯ ಪುಟಕ್ಕೆ ವಿವರಣೆ ಬರಬೇಕು, ಪರೀಕ್ಷೆಯೂ ಬರಬೇಕು. ಕ್ಯೂಎಮುವಿನ ಇಮೇಜ್ ಪರೀಕ್ಷೆಗಳಿಗೆ ಸಂಖ್ಯೆಗಳೇ ಹೆಸರು, ಮೆಷರ್‌ನದು 178. ಪರೀಕ್ಷೆ ಕಮಾಂಡನ್ನು ಹಲವು ಗಾತ್ರಗಳಿಗೆ ಓಡಿಸಿ, ಬಂದ ಮುದ್ರಣವನ್ನು ಮೊದಲೇ ಬರೆದಿಟ್ಟ ಫೈಲಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಆಯ್ಕೆಗಳನ್ನು ತಪ್ಪಾಗಿ ಕೊಟ್ಟಾಗ ಯಾವ ದೋಷ ಸಂದೇಶ ಬರಬೇಕು ಎಂಬುದೂ ಅದರಲ್ಲಿದೆ. ಹೊಸ ಆಯ್ಕೆ ಬರೆಯುವವರು ತಪ್ಪು ಬಳಕೆಯ ಪರೀಕ್ಷೆಯನ್ನೇ ಮೊದಲು ಬರೆದರೆ ಒಳ್ಳೆಯದು. ಗಾತ್ರ ಹೇಳದಿದ್ದರೆ? ಗಾತ್ರವನ್ನೂ ಫೈಲನ್ನೂ ಒಟ್ಟಿಗೆ ಕೊಟ್ಟರೆ? ಉತ್ತರ ಹುಡುಕುತ್ತ ಹೋದಂತೆ ಆಯ್ಕೆಯ ರೂಪವೇ ಸ್ಪಷ್ಟವಾಗುತ್ತದೆ.

ಬದಲಾವಣೆಗಳನ್ನು ಸಣ್ಣ ಪ್ಯಾಚುಗಳಾಗಿ ಒಡೆದು ಕಳಿಸುವುದು ಇಲ್ಲಿನ ನಿಯಮ. ಪ್ರತಿ ಪ್ಯಾಚಿನ ನಂತರವೂ ತಂತ್ರಾಂಶ ಕಂಪೈಲ್ ಆಗಬೇಕು, ಪರೀಕ್ಷೆಗಳು ಪಾಸಾಗಬೇಕು. ಮುಂದೆ ದೋಷ ಕಂಡರೆ ಯಾವ ಪ್ಯಾಚಿನಿಂದ ಬಂತೆಂದು ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹುಡುಕಲು ಇದರಿಂದ ಸಾಧ್ಯ. ಈ ಕೋಡನ್ನು ಕೊಡುವ ಹಕ್ಕು ತನಗಿದೆ ಎಂದು ಬರೆದವರು ಸಹಿಯ ಸಾಲು ಹಾಕಬೇಕು.

ಮೆಷರ್ ಕಮಾಂಡಿಗೆ 2020ರ 5.1ರಲ್ಲಿ ಮೂರನೆಯ ಅಂಕಿಯೊಂದು ಸೇರಿತು. ಬ್ಯಾಕಪ್ ತಂತ್ರಾಂಶಗಳಿಗಾಗಿ ಡಿಸ್ಕಿನಲ್ಲಿ ಬದಲಾದ ಭಾಗಗಳನ್ನು ಗುರುತಿಡುವ ಬಿಟ್‌ಮ್ಯಾಪುಗಳನ್ನೂ ನಕಲಿಸುವುದಾದರೆ ಎಷ್ಟು ಹೆಚ್ಚು ಜಾಗ ಬೇಕು ಎಂಬ ಲೆಕ್ಕ ಅದು. ಆ ಅಂಕಿಯನ್ನು ಹಳೆಯ ಎರಡು ಅಂಕಿಗಳೊಳಗೆ ಕೂಡಿಸದೆ ಬೇರೆ ಹೆಸರಿನಲ್ಲಿ ಇಟ್ಟರು. ಮೂಲ ಇಮೇಜು, ಹೊಸ ಇಮೇಜು ಎರಡರಲ್ಲಿ ಯಾವುದಕ್ಕಾದರೂ ಬಿಟ್‌ಮ್ಯಾಪಿನ ಸೌಲಭ್ಯ ಇಲ್ಲದಿದ್ದರೆ ಆ ಸಾಲು ಬರುವುದೇ ಇಲ್ಲ. 2017ರಲ್ಲಿ ಬರೆದು, ಜೇಸನ್‌ನಿಂದ ಎರಡೇ ಹೆಸರುಗಳನ್ನು ಹೆಕ್ಕಿಕೊಳ್ಳುತ್ತಿದ್ದ ಪ್ರೋಗ್ರಾಮಿಗೆ ಹೊಸ ಆವೃತ್ತಿಯಲ್ಲೂ ಅದೇ ಎರಡು ಹೆಸರುಗಳು ಅದೇ ಅರ್ಥದಲ್ಲಿ ಸಿಕ್ಕವು.