ಉಡಾಳ ಅನಿಸಿಕೊಂಡವರಿಗೊಂದು ಹೆಸರು, ಹೆಸರಿಗೊಂದು ಬಳಗ

‘ಇಂವಾ ಒಂದ ಕಡೆ ಕುಂದ್ರಂಗಿಲ್ರಿ ಸರ್. ಹೇಳಿದ್ದು ಕಿವಿಗೆ ಬೀಳಂಗಿಲ್ಲ. ಭಾಳ ಉಡಾಳ ಅದಾನ.’

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಸಾಲಿಗಳಲ್ಲಿ ಪಾಲಕರೂ ಮಾಸ್ತರರೂ ಎದುರಾದಾಗ ಇಂಥ ಮಾತು ಬಂದೇ ಬರುತ್ತದೆ. ಇದೇ ಮಕ್ಕಳು ದೊಡ್ಡವರಾದ ಮೇಲೆ ‘ಹಿಡಿದ ಕೆಲಸ ಮುಗಿಸದಾಂವ’, ‘ಮನೀಗೆ ಲಕ್ಷ್ಯ ಇಲ್ಲದಾಕಿ’ ಅನಿಸಿಕೊಳ್ಳುತ್ತಾರೆ. ಇವರಲ್ಲಿ ಕೆಲವರಿಗಿರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ವೈದ್ಯರು ಈಗ ಹೇಳುತ್ತಾರೆ. ಬೈಗುಳದ ಜಾಗಕ್ಕೆ ಈ ಹೆಸರು ಬರಲು ಎರಡು ಶತಮಾನ ಬೇಕಾಯಿತು. ಆ ಹೆಸರಿನ ಸುತ್ತ ಜನ ಕೂಡಿದ್ದು ತೀರ ಈಚೆಗೆ.

ಗುಣದೋಷದಿಂದ ಗಮನದ ತೊಂದರೆಗೆ

1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಮನೋವಿಕಾರಗಳ ಕುರಿತ ತಮ್ಮ ಗ್ರಂಥದಲ್ಲಿ ಗಮನಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ಒಂದೇ ವಿಷಯದ ಮೇಲೆ ಮನಸ್ಸು ನಿಲ್ಲದಿರುವುದು ಹುಟ್ಟಿನಿಂದಲೇ ಬರಬಹುದು ಎಂದು ಅಲ್ಲಿ ಬರೆದರು. ಆದರೆ ಅದು ಮುಂದೆ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದೂ ತಮ್ಮನ್ನು ತಡೆದುಕೊಳ್ಳಲಾಗದ ಮಕ್ಕಳನ್ನು ಕುರಿತು ಉಪನ್ಯಾಸ ಕೊಟ್ಟರು. ಅವರು ಇದನ್ನು ಕರೆದದ್ದು ‘ನೈತಿಕ ಹಿಡಿತದ ದೋಷ’ ಎಂದು. ಇದು ಕಾಯಿಲೆಯಿರಬಹುದು ಎಂಬ ಅರಿವು ಮೂಡಿದ್ದರೂ ಕಳಂಕ ಹೋಗಿರಲಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಹಬ್ಬಿದ ಮಿದುಳಿನ ಉರಿಯೂತದಿಂದ ಬದುಕುಳಿದ ಮಕ್ಕಳಲ್ಲಿ ಇಂಥದೇ ಚಡಪಡಿಕೆ ಕಂಡಿತು. ಆಗ ಮಾತು ‘ಮಿದುಳಿಗೆ ಆದ ಸಣ್ಣ ಹಾನಿ’ಯತ್ತ ತಿರುಗಿತು. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ, ಮಕ್ಕಳ ತಲೆನೋವಿಗೆಂದು ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧ ಕೊಟ್ಟು ನೋಡಿದರು. ತಲೆನೋವಿಗೆ ಅಷ್ಟೇನೂ ಗುಣ ಕಾಣಲಿಲ್ಲ, ಓದಿನಲ್ಲಿ ಮಾತ್ರ ಹಲವು ಮಕ್ಕಳು ಸುಧಾರಿಸಿದರು. ಹಾಗಿದ್ದರೂ 1968ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಮಕ್ಕಳ ಅತಿ ಚಲನೆ ಎಂದೇ ಹೆಸರಿಸಿತು. ಓಡುವುದು, ಹತ್ತುವುದು, ಕುಣಿಯುವುದು ಎದ್ದು ಕಾಣುತ್ತಿತ್ತು. ಒಳಗೆ ಜಾರಿಹೋಗುವ ಗಮನ ಯಾರಿಗೂ ಕಾಣುತ್ತಿರಲಿಲ್ಲ.

ಆ ಗಮನವನ್ನು ಮುನ್ನೆಲೆಗೆ ತಂದವರು ಕೆನಡಾದ ಮನೋವಿಜ್ಞಾನಿ ವರ್ಜೀನಿಯಾ ಡಗ್ಲಸ್. ಅವರ ಸಂಶೋಧನೆಯ ಪ್ರಭಾವದಿಂದ 1980ರ ಕೈಪಿಡಿಯಲ್ಲಿ ‘ಗಮನದ ಕೊರತೆ’ ಎಂಬ ಮಾತು ಸೇರಿತು. 1987ರಲ್ಲಿ ಅದು ಎಡಿಎಚ್‌ಡಿ ಆಯಿತು. ಗಮನಕ್ಕೆ ಸಿಕ್ಕ ಈ ಒತ್ತಿನಿಂದ ಹೆಣ್ಣುಮಕ್ಕಳಿಗೆ ಉಪಕಾರವಾಯಿತು. ಗದ್ದಲ ಮಾಡದೆ ಹಿಂದಿನ ಸಾಲಿನಲ್ಲಿ ಕೂತು ಕಿಟಕಿಯಾಚೆ ಕಳೆದುಹೋಗುವ ಹುಡುಗಿಯನ್ನು ಯಾರೂ ಉಡಾಳಿ ಅನ್ನುವುದಿಲ್ಲ, ‘ದಡ್ಡಿ’ ಎಂದು ಸುಮ್ಮನಾಗುತ್ತಾರೆ. ಅವಳಿಗೂ ಇದೇ ತೊಂದರೆ ಇರಬಹುದು ಎಂದು ಹೇಳಲು ಆಗ ಆಧಾರ ಸಿಕ್ಕಿತು.

ಹೆಸರು ಬಳಗ ಕಟ್ಟಿದ ಬಗೆ

ಅಲ್ಲಿಯವರೆಗೆ ಹೆಸರಿಟ್ಟವರೆಲ್ಲ ವೈದ್ಯರು. 1987ರಲ್ಲೇ ಫ್ಲೋರಿಡಾದಲ್ಲಿ ಪಾಲಕರು ಮುಂದಾಗಿ ‘ಚಾಡ್’ ಎಂಬ ಸಂಸ್ಥೆ ಕಟ್ಟಿದರು. 1998ರಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ತಮ್ಮ ಪ್ರಬಂಧದಲ್ಲಿ ನ್ಯೂರೋಡೈವರ್ಸಿಟಿ, ಅಂದರೆ ಮಿದುಳುಗಳ ವೈವಿಧ್ಯ ಎಂಬ ವಿಚಾರ ಬರೆದರು. ಆಟಿಸಂ ಇರುವವರ ನಡುವೆ ಹುಟ್ಟಿದ ಈ ವಿಚಾರವನ್ನು ಎಡಿಎಚ್‌ಡಿ ಇರುವವರೂ ತಮ್ಮದಾಗಿಸಿಕೊಂಡರು. ವೈದ್ಯರ ಚೀಟಿಯಲ್ಲಿದ್ದ ಹೆಸರನ್ನು ಜನ ‘ನಾವು’ ಎಂದು ಹೇಳಿಕೊಳ್ಳತೊಡಗಿದರು.

ಈ ‘ನಾವು’ ಹಬ್ಬಲು ಇನ್ನೊಂದು ಕಾರಣವೂ ಇದೆ. ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲು ಶೇ 70ರಿಂದ 80ರಷ್ಟು ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಮಗನನ್ನು ತೋರಿಸಲು ಬಂದ ಅಪ್ಪ, ವೈದ್ಯರ ಒಂದೊಂದು ಪ್ರಶ್ನೆಗೂ ಒಳಗೊಳಗೇ ‘ನಾನೂ ಹಿಂಗ ಇದ್ದೆ’ ಅಂದುಕೊಳ್ಳುವುದು ಇದಕ್ಕೇ. 2013ರ ಕೈಪಿಡಿ ವಯಸ್ಕರಿಗೂ ಬಾಗಿಲು ಅಗಲಿಸಿತು. ಲಕ್ಷಣಗಳು 7ರ ಬದಲು 12 ವರ್ಷದೊಳಗೆ ಕಂಡಿದ್ದರೆ ಸಾಕು ಎಂದಿತು. ಕನ್ನಡಿಗರಿಗೂ ಪರಿಚಿತರಾದ ಮಲಯಾಳಂ ನಟ ಫಹಾದ್ ಫಾಸಿಲ್ 2024ರಲ್ಲಿ ಕೇರಳದ ಕೋತಮಂಗಲದ ಸಭೆಯೊಂದರಲ್ಲಿ, ತಮಗೆ 41ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಪತ್ತೆಯಾಯಿತು ಎಂದರು. ನಲವತ್ತು ವರ್ಷ ತನ್ನನ್ನು ತಾನೇ ಸೋಮಾರಿ ಎಂದು ಬೈದುಕೊಂಡವರಿಗೆ ಇಂಥ ಒಂದು ಮಾತು ಎಷ್ಟು ಭಾರ ಇಳಿಸುತ್ತದೆ!

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಜಗತ್ತಿನ ಮಕ್ಕಳಲ್ಲಿ ಶೇ 5ರ ಆಸುಪಾಸು ಎಡಿಎಚ್‌ಡಿ ಇದೆಯೆಂಬುದು ಒಪ್ಪಿತ ಅಂದಾಜು. ಆ ಲೆಕ್ಕದಲ್ಲಿ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಹಾಗೆಂದು ಚಡಪಡಿಸುವ ಮಕ್ಕಳಿಗೆಲ್ಲ ಈ ಹೆಸರು ಹಚ್ಚಲಾಗದು. ಬನಹಟ್ಟಿಯಲ್ಲಿ ಪವರ್‌ಲೂಮ್ ಸದ್ದಿನ ನಡುವೆ ಕೂತು ಓದುವ ಹುಡುಗ, ಮುಧೋಳ–ಜಮಖಂಡಿಯ ಸಕ್ಕರೆ ಕಾರ್ಖಾನೆ ಶುರುವಾದಾಗ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬಂದು ಸಾಲಿ ತಪ್ಪಿಸಿಕೊಂಡ ಹುಡುಗಿ, ಕಿವಿ ಮಂದವಿರುವ ಮಗು, ಇವರ ಗಮನ ತಪ್ಪಲು ಬೇರೆ ಕಾರಣಗಳಿವೆ. ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಮನೆ, ಸಾಲಿ ಎರಡೂ ಕಡೆ ಕಾಣಬೇಕು ಎಂಬ ನಿಯಮ ಇರುವುದೇ ಇದಕ್ಕಾಗಿ.

ಪತ್ತೆಹಚ್ಚುವ ದಾರಿಗಳು ತಕ್ಕಮಟ್ಟಿಗೆ ಇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿ ಸೇರಿದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ 2014ರಲ್ಲಿ ತಂದಿತು. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಧಾರವಾಡದ ಸಂಸ್ಥೆ ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಕೇಂದ್ರವಾಗಿದೆ. 2022ರಿಂದ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಟೆಲಿ ಮಾನಸ್ ಸಹಾಯವಾಣಿಯ ಸಲಹೆ ಪಡೆಯಬಹುದು.

ಕೊರತೆ ಇರುವುದು ಹೆಸರು ಸಿಕ್ಕ ಮೇಲಿನ ದಾರಿಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆಗಳಿವೆ; ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಎಡಿಎಚ್‌ಡಿಗೆ ಹೆಚ್ಚಾಗಿ ಬರೆದುಕೊಡುವ ಮೀಥೈಲ್‌ಫೆನಿಡೇಟ್ ಮಾದಕವಸ್ತು ಕಾನೂನಿನ ಬಿಗಿಯಲ್ಲಿರುವುದರಿಂದ ಎಲ್ಲ ಔಷಧಿ ಅಂಗಡಿಯಲ್ಲಿ ಸಿಗದು. ಜೊತೆಗೆ ‘ಮಂದಿ ಏನಂತಾರ’ ಎಂಬ ಭಯ. ಹೆಸರು ಸಿಕ್ಕ ತಾಯಿ ಅದನ್ನು ಚೀಟಿಯೊಂದಿಗೆ ಮಡಚಿ ಒಳಗಿಟ್ಟರೆ, ಮಗುವಿಗೆ ಉಡಾಳನ ಬದಲು ರೋಗಿ ಎಂಬ ಇನ್ನೊಂದು ಗುರುತು ಅಂಟುತ್ತದೆ ಅಷ್ಟೇ. ಹಾಸೂ ಹೊಕ್ಕೂ ಕೂಡಿದರೇ ಸೀರೆ ಎಂಬುದನ್ನು ನೇಕಾರರ ಊರಿಗೆ ಹೇಳಬೇಕಿಲ್ಲ. ಹೆಸರಿಗೂ ಬಳಗ ಕೂಡಬೇಕು.

ಅದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಮನೋವೈದ್ಯರು ಬರುವ ದಿನ ಆಸ್ಪತ್ರೆಯ ಒಂದು ಕೋಣೆಯನ್ನು ಪಾಲಕರಿಗೆ ಬಿಟ್ಟುಕೊಡಬಹುದು. ದೊಡ್ಡವರಾಗಿ ಹೆಸರು ಕಂಡುಕೊಂಡವರು ಅಲ್ಲಿಗೆ ಬಂದು, ಕೆಲಸವನ್ನು ಹೇಗೆ ತುಂಡು ಮಾಡಿಕೊಳ್ಳುತ್ತೇವೆ, ಮರೆಯದಂತೆ ಏನು ಮಾಡುತ್ತೇವೆ, ಎಲ್ಲಿ ಸೋಲುತ್ತೇವೆ ಎಂದು ನಮ್ಮ ಭಾಷೆಯಲ್ಲೇ ಹೇಳಬಹುದು. ಮಾಸ್ತರರು ಆ ಹುಡುಗನನ್ನು ಮುಂದಿನ ಸಾಲಿಗೆ ಕರೆದು, ಒಂದು ಸಲಕ್ಕೆ ಒಂದೇ ಕೆಲಸ ಕೊಟ್ಟು, ನಡುವೆ ಎದ್ದು ಓಡಾಡಲು ಬಿಡಬಹುದು. ಎಡಿಎಚ್‌ಡಿ ಎಂಬ ಹೆಸರು ಒಬ್ಬ ಮನುಷ್ಯನ ಪೂರ್ತಿ ಪರಿಚಯವಲ್ಲ. ಆದರೆ ‘ನಿನ್ನಂಥವರು ಇನ್ನೂ ಇದ್ದಾರೆ, ಬಾ’ ಎಂದು ಕರೆಯಲು ಅದಷ್ಟು ಸಾಕು. ಆ ಕರೆ ಬೆಂಗಳೂರಿನಿಂದಲೇ ಬರಲಿ ಎಂದು ಕಾಯದೆ ಜಮಖಂಡಿಯಿಂದಲೇ ಶುರು ಮಾಡೋಣ.